ಬಿರಡೆ ಸವೆದರೆ ಗಿಟಾರು ಸತ್ತಿತೇ?

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸಾಹಿತ್ಯ, ಸಮಾಜ, ರಾಜಕಾರಣ ಮೊದಲಾದ ದೊಡ್ಡ ವಿಷಯಗಳನ್ನು ಕುರಿತು ಬರೆಯುವುದು ವಾಡಿಕೆ. ಅಂಥಲ್ಲಿ ಗಿಟಾರಿನ ಬಿರಡೆಯ ವಿಚಾರವನ್ನು ಎತ್ತಿಕೊಂಡರೆ ಕೆಲವರು ಹುಬ್ಬೇರಿಸಿಯಾರು. ಆದರೆ ಸಣ್ಣ ವಸ್ತುಗಳನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರಿಂದಲೇ ನಾವು ಕಲಿತ ವಿದ್ಯೆಯ ಬೆಲೆ ಗೊತ್ತಾಗುವುದು. ಬಿರಡೆ ಸವೆದ ಗಿಟಾರನ್ನು ಮೂಲೆಗೆ ಹಾಕಿ ಹೊಸತನ್ನು ಕೊಳ್ಳುವುದು ಸರಿಯೇ? ಅಥವಾ ಬಿರಡೆಯನ್ನು ಬದಲಾಯಿಸಿ ಅದನ್ನೇ ನುಡಿಸುವುದು ಸರಿಯೇ? ಎರಡನೆಯದೇ ಸರಿ; ಅದನ್ನು ವಿದ್ಯಾರ್ಥಿಗಳಾದ ನಾವೇ ಕೈಯಾರೆ ಮಾಡಬೇಕು, ಕಾಲೇಜುಗಳು ಅದಕ್ಕೆ ಎಡೆ ಮಾಡಿಕೊಡಬೇಕು ಎಂಬುದು ನನ್ನ ನಮ್ರ ಅಭಿಪ್ರಾಯ.

ಗಿಟಾರು ಮಂಗಳೂರಿನವರಿಗೆ ಪರಕೀಯ ವಸ್ತುವಲ್ಲ. ಇಗರ್ಜಿಗಳ ಗಾಯನ ಮಂಡಳಿಗಳಲ್ಲಿ, ಮದುವೆಯ ಮನೆಗಳಲ್ಲಿ, ಕೊಂಕಣಿ ಸಂಗೀತ ಸಂಜೆಗಳಲ್ಲಿ ಅದರ ದನಿಯನ್ನು ಕೇಳಿ ಬೆಳೆದವರು ನಾವು. ಕೊಂಕಣಿ ಹಾಡುಗಳನ್ನು ಕರಾವಳಿಯ ಮನೆಮನೆಗೆ ಮುಟ್ಟಿಸಿದ ವಿಲ್ಫಿ ರೆಬಿಂಬಸರು (1942–2010) ಇದೇ ಊರಿನ ಹೆಸರಾಂತ ಗಾಯಕರು. 1986ರಲ್ಲಿ ಹುಟ್ಟಿದ ‘ಮಾಂಡ್ ಸೊಭಾಣ್’ ಸಂಸ್ಥೆ 2008ರ ಜನವರಿ 26 ಮತ್ತು 27ರಂದು ಶಕ್ತಿನಗರದ ಕಲಾಂಗಣದಲ್ಲಿ 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆಗೆ ಸೇರಿತು. ಇಂದು ಕಾಲೇಜಿನ ಸಮೂಹಗಾನಗಳಲ್ಲಿ ತುಳು ಹಾಡಿಗೂ ಕನ್ನಡ ಭಾವಗೀತೆಗೂ ಗಿಟಾರು ಜೊತೆ ಕೊಡುತ್ತದೆ. ಪಿಟೀಲು ಕೂಡ ಹೀಗೆಯೇ ಹೊರಗಿನಿಂದ ಬಂದದ್ದು; ಬಾಲುಸ್ವಾಮಿ ದೀಕ್ಷಿತರ (1786–1859) ಕಾಲದಿಂದ ಅದು ಕರ್ನಾಟಕ ಸಂಗೀತದ ಮನೆಮಗಳಾಯಿತು. ಹೀಗಿರುವಾಗ ಗಿಟಾರನ್ನು ನಮ್ಮ ವಾದ್ಯವೆಂದೇ ತಿಳಿದು ಅದರ ಯೋಗಕ್ಷೇಮವನ್ನು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ನಮ್ಮ ಹಿರಿಯರು ಕರೆದರು. ತಂತಿವಾದ್ಯಗಳಲ್ಲಿ ಈ ತಾಯಿಯನ್ನು ಕಾಪಾಡುವುದು ಬಿರಡೆ. ವೀಣೆಯದೂ ತಂಬೂರಿಯದೂ ಮರದ ಬಿರಡೆ. ರಂಧ್ರದ ಬಿಗಿಯಲ್ಲಿಯೇ ಅದು ನಿಲ್ಲಬೇಕು. ಜಾರಿದರೆ ಸೀಮೆಸುಣ್ಣದ ಪುಡಿ ಹಚ್ಚಿ ಒತ್ತಿ ತಿರುಗಿಸುತ್ತಾರೆ. ಹಿಂದೆ ಯೂರೋಪಿನ ಗಿಟಾರುಗಳಿಗೂ ಇಂಥ ಮರದ ಬಿರಡೆಗಳೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಯೆನ್ನಾ ನಗರದ ವಾದ್ಯ ತಯಾರಕ ಯೋಹಾನ್ ಗೇಯೋರ್ಗ್ ಷ್ಟೌಫರ್ ಮೊದಲಾದವರು ಹಲ್ಲುಚಕ್ರವುಳ್ಳ ಲೋಹದ ಬಿರಡೆಗಳನ್ನು ಬಳಕೆಗೆ ತಂದರು. ಅವನಲ್ಲಿ ಕೆಲಸ ಮಾಡಿದ್ದ ಸಿ. ಎಫ್. ಮಾರ್ಟಿನ್ 1833ರಲ್ಲಿ ಅಮೆರಿಕಕ್ಕೆ ಹೋಗಿ ಗಿಟಾರು ತಯಾರಿಸತೊಡಗಿದಾಗ ಆ ಮಾದರಿಯನ್ನೂ ಕೊಂಡೊಯ್ದನು. ನಮ್ಮ ಅಂಗಡಿಗಳಲ್ಲಿ ‘ಕೀ’ ಎಂದು ಕರೆಯುವ ವಸ್ತು ಇದರ ವಂಶದ್ದೇ. ಇತ್ತೀಚೆಗೆ ನಮ್ಮ ವೀಣೆಗಳಿಗೂ ಗಿಟಾರಿನ ಕೀಗಳನ್ನು ಜೋಡಿಸುವುದುಂಟು.

ಇದರ ರಚನೆ ಸರಳವಾದದ್ದು. ಬೆರಳಿನಿಂದ ತಿರುಗಿಸುವ ಗುಬಟಿಗೆ ಸ್ಕ್ರೂವಿನಂತೆ ಸುರುಳಿ ಕೊರೆದ ಒಂದು ಕಂಬಿ. ಆ ಸುರುಳಿ ಒಂದು ಸಣ್ಣ ಹಲ್ಲುಚಕ್ರವನ್ನು ಕಚ್ಚಿಕೊಂಡಿರುತ್ತದೆ. ಚಕ್ರದ ನಡುವೆ ತಂತಿ ಸುತ್ತುವ ಕಂಬ. ಚಕ್ರಕ್ಕೆ 14 ಹಲ್ಲುಗಳಿದ್ದರೆ ಗುಬಟಿಯನ್ನು 14 ಸುತ್ತು ತಿರುಗಿಸಿದಾಗ ಕಂಬ ಒಂದು ಸುತ್ತು ತಿರುಗುತ್ತದೆ. ಕಂಬದ ದಪ್ಪ 6 ಮಿ. ಮೀ. ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು 19 ಮಿ. ಮೀ.; ಅಂದರೆ ಗುಬಟಿಯ ಒಂದು ಪೂರ್ತಿ ಸುತ್ತಿಗೆ ತಂತಿ ಒಂದೂಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು ಎಳೆಯಲ್ಪಡುತ್ತದೆ. ಇಷ್ಟು ಸೂಕ್ಷ್ಮವಾಗಿ ಎಳೆಯಲು ಸಾಧ್ಯವಿರುವುದರಿಂದಲೇ ದಪ್ಪ ತಂತಿಯನ್ನು 82.4 ಹರ್ಟ್ಸಿಗೂ ಸಣ್ಣ ತಂತಿಯನ್ನು ಎರಡು ಸ್ಥಾಯಿ ಮೇಲಿನ 329.6 ಹರ್ಟ್ಸಿಗೂ ಒಪ್ಪವಾಗಿ ಕೂರಿಸಬಹುದು. ಇನ್ನೊಂದು ಗುಣವನ್ನು ಇಲ್ಲಿ ಹೇಳಲೇಬೇಕು. ಕಂಬಿ ಚಕ್ರವನ್ನು ತಿರುಗಿಸಬಲ್ಲುದು. ಚಕ್ರ ಕಂಬಿಯನ್ನು ತಿರುಗಿಸಲಾರದು. ಉಕ್ಕಿನ ಆರು ತಂತಿಗಳೂ ಸೇರಿ 70 ಕಿಲೋಗ್ರಾಮಿನಷ್ಟು ಬಲದಿಂದ, ಅಂದರೆ ಒಬ್ಬ ಬೆಳೆದ ಮನುಷ್ಯನ ಭಾರದಿಂದ, ಎಳೆಯುತ್ತಿದ್ದರೂ ಬಿರಡೆ ತಾನಾಗಿ ಹಿಂದಕ್ಕೆ ತಿರುಗದಿರುವುದು ಈ ಕಾರಣದಿಂದ.

ಆದರೆ ಲೋಹಕ್ಕೂ ಆಯುಷ್ಯವುಂಟು. ವರ್ಷಕ್ಕೆ 3500 ಮಿ. ಮೀ.ಗೂ ಮಿಕ್ಕಿ ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಊರಿನಲ್ಲಂತೂ ಬಾಗಿಲ ಚಿಲಕವೇ ಮೂರು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಅಗ್ಗದ ಗಿಟಾರಿನ ತೆಳು ತಗಡಿನ ಬಿರಡೆಯ ಪಾಡೇನು? ಚಕ್ರದ ಹಲ್ಲು ಸವೆಯುತ್ತದೆ; ಕಂಬಿ ಬಾಗುತ್ತದೆ; ಪ್ಲಾಸ್ಟಿಕ್ಕಿನ ಗುಬಟಿ ಒಡೆಯುತ್ತದೆ; ಸ್ಕ್ರೂ ಹಿಡಿದ ಮರದ ರಂಧ್ರ ದೊಡ್ಡದಾಗಿ ಪಟ್ಟಿಯೇ ಅಲುಗಾಡತೊಡಗುತ್ತದೆ. ಗುಬಟಿಯನ್ನು ಅರ್ಧ ಸುತ್ತು ತಿರುಗಿಸಿದರೂ ಸ್ವರ ಏರದು, ಆಮೇಲೆ ಒಮ್ಮೆಲೇ ಹಾರಿಬಿಡುತ್ತದೆ. ಹಾಡುಗಾರ ಷಡ್ಜದಲ್ಲಿ ನಿಂತರೆ ಗಿಟಾರು ಬೇರೆಲ್ಲೋ ನಿಂತಿರುತ್ತದೆ.

ಹಾಗೆಂದು ಶ್ರುತಿ ತಪ್ಪಿದಾಗಲೆಲ್ಲ ಬಿರಡೆಯನ್ನೇ ದೂರುವುದು ನ್ಯಾಯವಲ್ಲ. ತಂತಿಗಳು ತಲೆಯಿಂದ ಕುತ್ತಿಗೆಗೆ ಇಳಿಯುವಲ್ಲಿ ಒಂದು ಸಣ್ಣ ಗೀರುಪಟ್ಟಿಯಿದೆ. ಅದರ ಗೀರಿನಲ್ಲಿ ತಂತಿ ಸಿಕ್ಕಿಕೊಂಡಿದ್ದರೆ ತಿರುಗಿಸುವಾಗ ‘ಟಿಕ್’ ಎಂಬ ಸದ್ದಾಗಿ ಸ್ವರ ಹಾರುತ್ತದೆ. ಪೆನ್ಸಿಲಿನ ಸೀಸವನ್ನು ಆ ಗೀರಿನಲ್ಲಿ ತಿಕ್ಕಿದರೆ ಎಷ್ಟೋ ಸಲ ಇಷ್ಟರಿಂದಲೇ ರೋಗ ವಾಸಿಯಾಗುತ್ತದೆ. ತಂತಿಯನ್ನು ಕಂಬಕ್ಕೆ ಸರಿಯಾಗಿ ಸುತ್ತದಿದ್ದರೂ ಅದು ಜಾರುತ್ತದೆ. ಬರಿಯ ತುಕ್ಕಾದರೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಸ್ಕ್ರೂ ಸಡಿಲವಾಗಿದ್ದರೆ ಬಿಗಿಗೊಳಿಸಿದರಾಯಿತು. ಇವೆಲ್ಲವನ್ನೂ ನೋಡಿದ ಮೇಲೆಯೂ ಹಲ್ಲು ಜಾರುವುದು ನಿಲ್ಲದಿದ್ದರೆ, ಕಂಬಿ ಬಾಗಿದ್ದರೆ, ಆಗ ಬಿರಡೆಯನ್ನು ಬದಲಾಯಿಸಬೇಕು. ರೋಗವನ್ನು ಅರಿಯದೆ ಔಷಧ ಕೊಡುವ ವೈದ್ಯನೂ, ಕಾರಣವನ್ನು ಅರಿಯದೆ ಹೊಸ ಗಿಟಾರು ಕೊಳ್ಳುವವನೂ ಒಂದೇ.

ಈ ಮಾತುಗಳನ್ನು ನಾನು ಬರಿಯ ಪುಸ್ತಕದಿಂದ ಹೇಳುತ್ತಿಲ್ಲ. ನಮ್ಮ ಲಲಿತಕಲಾ ಸಂಘದ ಕಪಾಟಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ಒಂದು ಗಿಟಾರು ಎರಡು ವರ್ಷಗಳಿಂದ ಬಿದ್ದುಕೊಂಡಿತ್ತು. ಮೈಗೆ ಬಿರುಕಿರಲಿಲ್ಲ, ಕುತ್ತಿಗೆ ನೆಟ್ಟಗಿತ್ತು. ಎರಡು ಬಿರಡೆಗಳ ಹಲ್ಲು ಮಾತ್ರ ಹೋಗಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, “ಇದಕ್ಕೆ ಖರ್ಚು ಮಾಡಿ ಎಂಥ ಮಾಡ್ತೀರಿ ಮಾರಾಯ್ರೆ, ಹೊಸತೇ ತೆಕ್ಕೊಳ್ಳಿ” ಎಂದರು. ಕಚೇರಿಯಲ್ಲಿ ಕೇಳಿದರೆ ಹೊಸ ವಾದ್ಯ ಕೊಳ್ಳಲು ಅರ್ಜಿ ಕೊಡಬಹುದು, ಹಳೆಯದರ ದುರಸ್ತಿಗೆ ಲೆಕ್ಕದ ಪುಸ್ತಕದಲ್ಲಿ ಶೀರ್ಷಿಕೆಯೇ ಇಲ್ಲ ಎಂಬ ಉತ್ತರ ಬಂತು. ಅಲ್ಲಿದ್ದವರನ್ನು ದೂರಲಾರೆ, ಅವರು ನಿಯಮವನ್ನು ಹೇಳಿದರು. ಆದರೆ ಹತ್ತರಷ್ಟು ಹಣಕ್ಕೆ ದಾರಿಯಿದ್ದು ಒಂದರಷ್ಟು ಹಣಕ್ಕೆ ದಾರಿಯಿಲ್ಲದ ನಿಯಮ ಎಂಥದು? ಕೊನೆಗೆ ನಾವು ಐದು ಮಂದಿ ಸೇರಿ, ಕೆಲವು ನೂರು ರೂಪಾಯಿ ಕೂಡಿಸಿ, ಒಂದು ಜೊತೆ ಬಿರಡೆ ತಂದು ಒಂದು ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿದೆವು. ಈ ವರ್ಷದ ವಾರ್ಷಿಕೋತ್ಸವದ ಸಮೂಹಗಾನಕ್ಕೆ ಅದೇ ಗಿಟಾರು ಜೊತೆ ಕೊಟ್ಟಿತು.

ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಬೇಕಾದವರಿಗೆ ಪ್ರಯೋಜನವಾದೀತು. ಕೊಳ್ಳುವ ಮೊದಲು ಅಳೆಯಬೇಕು. ಬಿರಡೆಗಳು ಮೂರು ಮೂರಾಗಿ ಒಂದೇ ಪಟ್ಟಿಯಲ್ಲಿವೆಯೋ, ಬಿಡಿಬಿಡಿಯಾಗಿವೆಯೋ? ಪಟ್ಟಿಯಾದರೆ ಒಂದು ಕಂಬದ ನಡುವಿನಿಂದ ಮುಂದಿನ ಕಂಬದ ನಡುವಿಗೆ ಎಷ್ಟು ಮಿಲಿಮೀಟರು? ನೈಲಾನ್ ತಂತಿಯ ಗಿಟಾರುಗಳಲ್ಲಿ ಈ ಅಂತರ ಸಾಮಾನ್ಯವಾಗಿ 35 ಮಿ. ಮೀ.; ಉಕ್ಕಿನ ತಂತಿಯವುಗಳಲ್ಲಿ ತಯಾರಕರಿಗೊಂದು ಅಳತೆ. ತಲೆಯ ರಂಧ್ರದ ಅಗಲವನ್ನೂ ನೋಡಬೇಕು. ಪೂರ್ತಿ ಮುಚ್ಚಿದ ಹೊಸ ಮಾದರಿಯ ಬಿರಡೆಗಳಿಗೆ ಬಹುಮಟ್ಟಿಗೆ 10 ಮಿ. ಮೀ. ರಂಧ್ರ ಬೇಕು, ಹಳೆಯ ಮಾದರಿಯವುಗಳಿಗೆ ಅದಕ್ಕಿಂತ ಕಡಿಮೆ ಸಾಕು. ಎಡಗೈಯ ಚಪ್ಪಲಿ ಬಲಗಾಲಿಗೆ ಎಂಬಂತಾಗದಿರಲು ಎಡಕ್ಕೆ ಮೂರು, ಬಲಕ್ಕೆ ಮೂರು ಇರುವ ಜೊತೆಯನ್ನೇ ಕೇಳಿ ತರಬೇಕು. ಸಾಧ್ಯವಾದಷ್ಟೂ ಹಳೆಯ ರಂಧ್ರಕ್ಕೂ ಹಳೆಯ ಸ್ಕ್ರೂವಿನ ಗುರುತಿಗೂ ಹೊಂದುವ ಬಿರಡೆಯೇ ಒಳ್ಳೆಯದು. ಮರವನ್ನು ಕೊರೆಯುವುದು ಸುಲಭ, ಕೊರೆದದ್ದನ್ನು ತುಂಬುವುದು ಕಷ್ಟ.

ಆಮೇಲೆ ತಂತಿಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ ತೆಗೆಯಬೇಕು. ಹಿಂಬದಿಯ ಸ್ಕ್ರೂಗಳನ್ನು ಸರಿಯಾದ ಅಳತೆಯ ಸ್ಕ್ರೂ ಡ್ರೈವರಿನಿಂದ ಬಿಚ್ಚಬೇಕು. ಸಣ್ಣದನ್ನು ಹಾಕಿ ಒತ್ತಿದರೆ ಸ್ಕ್ರೂವಿನ ತಲೆ ಹಾಳಾಗುತ್ತದೆ. ಮುಂಬದಿಯ ರಂಧ್ರದಲ್ಲಿರುವ ಲೋಹದ ಬುಶ್‌ಗಳನ್ನು ಮೀಟಿ ತೆಗೆಯಬಾರದು. ಹಿಂದಿನಿಂದ ಮರದ ಕೋಲಿನಿಂದ ಮೆಲ್ಲಗೆ ದೂಡಬೇಕು. ಹೊಸ ಬಿರಡೆಗಳನ್ನು ಕೂರಿಸಿ, ಮೊದಲು ಎಲ್ಲವನ್ನೂ ಕೈಯಲ್ಲೇ ಹಗುರವಾಗಿ ಬಿಗಿದು, ಸಾಲು ನೆಟ್ಟಗಿದೆಯೇ ಎಂದು ನೋಡಿ, ಆಮೇಲೆ ಸ್ಕ್ರೂ ಹಾಕಬೇಕು. ಹೊಸ ಜಾಗದಲ್ಲಿ ಸ್ಕ್ರೂ ಹಾಕುವುದಾದರೆ ಅದಕ್ಕಿಂತ ಸಣ್ಣ ರಂಧ್ರವನ್ನು ಮೊದಲು ಕೊರೆದು, ಸ್ಕ್ರೂವಿಗೆ ಮೇಣದ ಬತ್ತಿಯ ಮೇಣ ಸವರಬೇಕು. ಇಲ್ಲವಾದರೆ ಆ ಎಳೆಯ ಸ್ಕ್ರೂಗಳು ಮರದೊಳಗೇ ತುಂಡಾಗುತ್ತವೆ. ಕೊನೆಗೆ ತಂತಿ ಕಟ್ಟಿ, ಯಾವಾಗಲೂ ಕೆಳಗಿನ ಸ್ವರದಿಂದ ಮೇಲಕ್ಕೆ ಏರಿಸುತ್ತ ಶ್ರುತಿ ಮಾಡಬೇಕು. ಮೇಲೆ ಹೋಗಿ ಕೆಳಗಿಳಿಸಿದರೆ ಹಲ್ಲುಗಳ ನಡುವಿನ ಸಡಿಲ ಹಾಗೆಯೇ ಉಳಿದು ಸ್ವರ ಮತ್ತೆ ಇಳಿಯುತ್ತದೆ.

ನಮ್ಮ ಗಿಟಾರಿನಲ್ಲಿ ಎರಡು ಸ್ಕ್ರೂಗಳ ರಂಧ್ರ ದೊಡ್ಡದಾಗಿ ಹಿಡಿತವೇ ಇರಲಿಲ್ಲ. ಐದು ಮಂದಿ ಭಾವೀ ಪದವೀಧರರಿಗೂ ಉಪಾಯ ತೋಚಲಿಲ್ಲ. ಅದನ್ನು ಹೇಳಿಕೊಟ್ಟವರು ಮರಗೆಲಸ ಮಾಡುವ ನನ್ನ ತಂದೆ. ಬೆಂಕಿಕಡ್ಡಿಯ ಚೂರಿಗೆ ಫೆವಿಕಾಲ್ ಹಚ್ಚಿ ರಂಧ್ರದಲ್ಲಿ ತುಂಬಿ, ಒಣಗಿದ ಮೇಲೆ ಚಪ್ಪಟೆಯಾಗಿ ಕತ್ತರಿಸಿ, ಸೂಜಿಯಿಂದ ನಡುವೆ ಗುರುತು ಮಾಡಿ ಸ್ಕ್ರೂ ಹಾಕಬೇಕು. ಹಾಗೆ ಮಾಡಿದೆವು, ಸ್ಕ್ರೂ ಕಚ್ಚಿ ನಿಂತಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. “ಉಳಿ ಹಿಡಿಯುವುದು ನನ್ನ ತಲೆಗೇ ಸಾಕು ಮಗಾ, ನೀನು ಪೆನ್ನು ಹಿಡಿ” ಎಂದು ತಂದೆ ನನ್ನನ್ನು ಓದಿಸಿದರು. ಅವರ ಮಾತಿನ ಹಿಂದಿರುವ ನೋವು ನನಗೆ ಅರ್ಥವಾಗುತ್ತದೆ. ಉಳಿ ಹಿಡಿದವನಿಗೆ ಈ ಸಮಾಜ ಕೊಟ್ಟ ಮರ್ಯಾದೆ ಎಷ್ಟೆಂಬುದನ್ನು ಅವರು ಬಲ್ಲರು. ಆದರೂ ಅವರೊಡನೆ ಈ ಒಂದು ವಿಷಯದಲ್ಲಿ ನಾನು ಭಿನ್ನಾಭಿಪ್ರಾಯ ಹೊಂದಿದ್ದೇನೆ. ಪೆನ್ನು ಹಿಡಿದ ಕೈ ಉಳಿಯನ್ನು ಮರೆಯಬೇಕಾಗಿಲ್ಲ. ಮೂರು ವರ್ಷ ನಾನು ಕಲಿತ ಅರ್ಥಶಾಸ್ತ್ರ, ಇತಿಹಾಸಗಳಿಗೆ ಉತ್ತರ ಸಿಗದ ಪ್ರಶ್ನೆಗೆ ಅವರು ಒಂದು ಬೆಂಕಿಕಡ್ಡಿಯಿಂದ ಉತ್ತರ ಕೊಟ್ಟರು. ಅಂಥ ತಿಳಿವಳಿಕೆಯನ್ನು ತಲೆತಲಾಂತರದಿಂದ ಇಟ್ಟುಕೊಂಡು ಬಂದ ಮನೆಗಳ ಮಕ್ಕಳೇ ನಮ್ಮಂಥ ಸರಕಾರೀ ಕಾಲೇಜುಗಳಲ್ಲಿ ಬಹುಸಂಖ್ಯಾಕರು. ಪದವಿ ಬಂದ ದಿನವೇ ಆ ತಿಳಿವಳಿಕೆ ಹೋಗುವುದಾದರೆ ನಮಗೆ ಲಾಭವಾಯಿತೋ ನಷ್ಟವಾಯಿತೋ? ಕೈಗೂ ಬುದ್ಧಿಗೂ ಒಟ್ಟಿಗೆ ಶಿಕ್ಷಣ ಸಿಗಬೇಕೆಂದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಹೇಳಿದರು. ಪರೀಕ್ಷೆಗೆ ನಾವು ಅದನ್ನು ಓದುತ್ತೇವೆ. ಕೈಗೆ ಮಾತ್ರ ಅದು ಇಳಿದಿಲ್ಲ.

ಇನ್ನು ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನೋಡೋಣ. ಹೊಸ ಗಿಟಾರು ಕೆಲವೇ ಸಾವಿರಕ್ಕೆ ಸಿಗುವಾಗ ಇಷ್ಟು ತಲೆನೋವು ಏಕೆ ಎನ್ನುವವರುಂಟು. ಆ ಕೆಲವೇ ಸಾವಿರ ಎಲ್ಲರ ಮನೆಯಲ್ಲಿಯೂ ಕೆಲವೇ ಅಲ್ಲ ಎಂಬುದು ಮೊದಲ ಉತ್ತರ. ಅಗ್ಗದ ಹೊಸ ಗಿಟಾರಿಗೂ ಅಗ್ಗದ ಬಿರಡೆಯೇ ಇರುವುದರಿಂದ ಮೂರು ಮಳೆಗಾಲ ಕಳೆದ ಮೇಲೆ ಅದೂ ಕಪಾಟಿಗೇ ಹೋದೀತು ಎಂಬುದು ಎರಡನೆಯ ಉತ್ತರ. ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಇದ್ದದ್ದೂ ಹಾಳಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಎರಡು ವರ್ಷ ಕಪಾಟಿನಲ್ಲಿ ಬಿದ್ದಿರುವುದಕ್ಕಿಂತ ಹೆಚ್ಚು ಹಾಳಾಗುವುದೆಂದರೇನೆಂದು ನನಗೆ ತಿಳಿಯದು. ಒಂದು ಮಾತನ್ನು ಮಾತ್ರ ಒಪ್ಪಬೇಕು: ಎಲ್ಲ ಗಿಟಾರೂ ದುರಸ್ತಿಗೆ ಅರ್ಹವಲ್ಲ. ಕುತ್ತಿಗೆ ಬಿಲ್ಲಿನಂತೆ ಬಾಗಿದ್ದರೆ, ತಂತಿ ಹೊತ್ತ ಕುದುರೆ ಮೈಯಿಂದ ಕಿತ್ತುಬಂದಿದ್ದರೆ, ಹೊಸ ಬಿರಡೆಯಿಂದ ಪ್ರಯೋಜನವಿಲ್ಲ. ಹಾಗೆಯೇ ಹಳೆಯ ಬೆಲೆಬಾಳುವ ವಾದ್ಯವಾದರೆ ಮೂಲ ಬಿರಡೆಗಳನ್ನು ಶುಚಿಮಾಡಿ ಉಳಿಸಿಕೊಳ್ಳಲು ಯತ್ನಿಸಬೇಕು. ಬದಲಾಯಿಸಿದರೂ ತೆಗೆದದ್ದನ್ನು ಎಸೆಯಬಾರದು.

ನೋಡಹೋದರೆ ಈ ವಿವೇಕ ನಮ್ಮ ಊರಿಗೆ ಹೊಸತಲ್ಲ. ಬಾಸೆಲ್ ಮಿಶನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಮಂಗಳೂರು ಹಂಚು ದೇಶವಿದೇಶಗಳಲ್ಲಿ ಹೆಸರಾಯಿತು. ಆ ಹಂಚಿನ ಹೆಚ್ಚುಗಾರಿಕೆಯೇನು? ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಂಡು ಕೂರುತ್ತದೆ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನು ಇಡಬಹುದು. ಮೇ ತಿಂಗಳ ಕೊನೆಯಲ್ಲಿ ಏಣಿ ಹತ್ತಿ ಒಡೆದ ಹಂಚು ಬದಲಾಯಿಸದ ಹಂಚಿನ ಮನೆ ನಮ್ಮ ಕರಾವಳಿಯಲ್ಲಿದೆಯೇ? ಒಂದು ಹಂಚು ಒಡೆಯಿತೆಂದು ಮಾಡನ್ನೇ ಕಿತ್ತು ಹಾಕಿದವರನ್ನು ನಾವು ಕಂಡಿಲ್ಲ. ಮಾಡಿಗೆ ಸಲ್ಲುವ ನ್ಯಾಯ ಗಿಟಾರಿಗೆ ಏಕೆ ಸಲ್ಲಬಾರದು?

ವಾದ್ಯದ ಒಳಹೊಕ್ಕು ನೋಡಿದವನೇ ಅದರಿಂದ ಹೊಸತನ್ನು ಹೊರಡಿಸಬಲ್ಲನು ಎಂಬುದಕ್ಕೂ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಬಂಟ್ವಾಳ ತಾಲೂಕಿನ ಸಜೀಪಮೂಡದವರಾದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತರು. ಪಾಶ್ಚಾತ್ಯ ಸಂಗೀತಕ್ಕಾಗಿ ಮಾಡಿದ ಆ ವಾದ್ಯದಲ್ಲಿ ನಮ್ಮ ಗಮಕಗಳು ಹೊರಡುವಂತೆ ಅದರಲ್ಲಿ ಮಾರ್ಪಾಟುಗಳನ್ನು ಮಾಡಿಕೊಂಡು, ವರ್ಷಗಟ್ಟಲೆ ಸಾಧನೆ ನಡೆಸಿ, 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಸಂಗೀತೋತ್ಸವದಲ್ಲಿ ನುಡಿಸಿದರು. ವಾದ್ಯ ಬಂದಂತೆಯೇ ಇರಬೇಕು, ಅದನ್ನು ಮುಟ್ಟಬಾರದು ಎಂದು ಅವರು ಸುಮ್ಮನಿದ್ದಿದ್ದರೆ ಕರ್ನಾಟಕ ಸಂಗೀತಕ್ಕೆ ಆ ದನಿ ಸಿಗುತ್ತಿರಲಿಲ್ಲ. ಬಿರಡೆ ಬದಲಾಯಿಸಿದವರೆಲ್ಲ ಗೋಪಾಲನಾಥರಾಗುತ್ತಾರೆ ಎಂದು ನಾನು ಹೇಳುವುದಿಲ್ಲ. ವಾದ್ಯವನ್ನು ಮುಟ್ಟಲು ಅಂಜುವವನು ಅದನ್ನು ಅರ್ಧ ಮಾತ್ರ ಕಲಿಯುತ್ತಾನೆ ಎಂದಷ್ಟೇ ಹೇಳುತ್ತೇನೆ.

ಹೊರ ಜಗತ್ತೂ ಈಗ ಈ ದಿಕ್ಕಿನಲ್ಲಿ ಯೋಚಿಸತೊಡಗಿದೆ. ಕೊಂಡ ವಸ್ತುವನ್ನು ದುರಸ್ತಿ ಮಾಡಿಸಿಕೊಳ್ಳುವುದು ಗ್ರಾಹಕನ ಹಕ್ಕು ಎಂಬ ಕೂಗು ಅಮೆರಿಕ, ಯೂರೋಪುಗಳಲ್ಲಿ ಎದ್ದಿದೆ. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ‘ದುರಸ್ತಿಯ ಹಕ್ಕಿ’ನ ಕುರಿತು ಒಂದು ಸಮಿತಿಯನ್ನು ನೇಮಿಸಿತು. ಮೊಬೈಲು, ವಾಹನ, ಕೃಷಿ ಯಂತ್ರಗಳಿಗೆ ಕಾನೂನಿನ ಆಸರೆ ಬೇಕಾದೀತು. ಗಿಟಾರಿಗೆ ಅಷ್ಟೂ ಬೇಡ. ಅದರ ಬಿರಡೆಯನ್ನು ಬಿಚ್ಚಲು ಯಾವ ಕಂಪೆನಿಯ ಅಪ್ಪಣೆಯೂ ಬೇಕಾಗಿಲ್ಲ.

ಆದುದರಿಂದ ನನ್ನ ಸೂಚನೆಗಳು ಇಷ್ಟು. ಒಂದನೆಯದಾಗಿ, ಲಲಿತಕಲಾ ಸಂಘದ ವಾರ್ಷಿಕ ಹಣದಲ್ಲಿ ಒಂದು ಸಣ್ಣ ಪಾಲು ವಾದ್ಯಗಳ ದುರಸ್ತಿಗೆಂದೇ ಮೀಸಲಾಗಲಿ. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಶೀರ್ಷಿಕೆ ಬರಲಿ. ಎರಡನೆಯದಾಗಿ, ಎರಡು ಅಳತೆಯ ಸ್ಕ್ರೂ ಡ್ರೈವರು, ಒಂದು ಇಕ್ಕಳ, ಒಂದು ಅಳತೆಯ ಪಟ್ಟಿ, ಎಣ್ಣೆಯ ಬಾಟಲಿ, ಮೇಣ, ಅಂಟು ಇರುವ ಒಂದು ಪೆಟ್ಟಿಗೆ ಸಂಘದಲ್ಲಿರಲಿ. ಇವೆಲ್ಲ ಸೇರಿದರೂ ಒಂದು ಹಾರತುರಾಯಿಯ ಖರ್ಚಾಗದು. ಮೂರನೆಯದಾಗಿ, ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಂದು ದಿನ ಕಾಲೇಜಿನ ಹಾರ್ಮೋನಿಯಂ, ತಬಲಾ, ಗಿಟಾರುಗಳನ್ನೆಲ್ಲ ಹೊರಗಿಟ್ಟು ಪರೀಕ್ಷಿಸುವ ಪದ್ಧತಿ ಬರಲಿ. ಆ ದಿನ ಭಾಷಣ ಮಾಡಲು ದೊಡ್ಡವರನ್ನು ಕರೆಯುವ ಬದಲು ಕೆಲಸ ತೋರಿಸಲು ವಿದ್ಯಾರ್ಥಿಗಳ ಮನೆಗಳಿಂದಲೇ ಬಡಗಿಗಳನ್ನೂ ಮೆಕ್ಯಾನಿಕರನ್ನೂ ಕರೆಯೋಣ. ಅತಿಥಿಗಳ ಸಾಲಿನಲ್ಲಿ ಅವರಿಗೂ ಒಂದು ಕುರ್ಚಿ ಸಿಗಲಿ. ನಾಲ್ಕನೆಯದಾಗಿ, ಕಳಚಿದ ಹಳೆಯ ಬಿರಡೆಗಳು ಒಂದು ಡಬ್ಬಿಯಲ್ಲಿರಲಿ. ನಾವು ಆರನ್ನು ತೆಗೆದಾಗ ನಾಲ್ಕು ಇನ್ನೂ ಗಟ್ಟಿಯಾಗಿದ್ದವು. ಅವುಗಳ ಸ್ಕ್ರೂ, ಗುಬಟಿ, ಬುಶ್ ಇವುಗಳಲ್ಲಿ ಯಾವುದಾದರೊಂದು ಮುಂದಿನ ತಂಡದವರ ಗಿಟಾರಿಗೆ ಬೇಕಾದೀತು.

ಏಪ್ರಿಲ್ ತಿಂಗಳಲ್ಲಿ ನಾವು ಪರೀಕ್ಷೆ ಬರೆದು ಇಲ್ಲಿಂದ ಹೊರಡುತ್ತೇವೆ. ಕೆಲಸಕ್ಕಾಗಿ ಯಾರು ಎಲ್ಲಿಗೆ ಹೋಗಬೇಕೋ ತಿಳಿಯದು. ಕಿರಿಯ ಮಿತ್ರರಿಗೆ ನನ್ನದೊಂದು ಕೋರಿಕೆ: ಈ ಲೇಖನವನ್ನು ಓದಿದ ಮೇಲೆ ಒಮ್ಮೆ ಸಂಘದ ಕಪಾಟನ್ನು ತೆರೆದು ನೋಡಿ. ಅಲ್ಲಿ ಇನ್ನೂ ಒಂದು ಹಾರ್ಮೋನಿಯಂ ಇದೆ. ಅದರ ತಿದಿಯಲ್ಲಿ ಗಾಳಿ ನಿಲ್ಲುವುದಿಲ್ಲ.